ಗೆರೆ ಮೇಲೆ ಬಿದ್ದರೆ ಔಟ್

ಲಾಂಡ್ರಿ ಅಕ್ಕನ ಹಿತ್ತಲಿನಲ್ಲಿ ಶಟಲ್ ಆಟ ಯಾವಾಗ ಮುಗಿಯಬೇಕು ಎಂದು ತೀರ್ಮಾನಿಸುತ್ತಿದ್ದುದು ಒಂದು ಬೆಡ್‌ಶೀಟ್. ಮೂಲೆಯ ಲಾಡ್ಜಿನಿಂದ ಒಗೆಯಲು ಬರುತ್ತಿದ್ದ ಬಿಳಿ ಬೆಡ್‌ಶೀಟುಗಳಲ್ಲಿ ಎಲ್ಲಕ್ಕಿಂತ ಅಗಲವಾದದ್ದನ್ನು ಹಿಂಡಿ, ಕೊಡವಿ, ಹಿತ್ತಲಿನ ನಟ್ಟನಡುವೆ ಅಡ್ಡಲಾಗಿ ಕಟ್ಟಿದ ತಂತಿಯ ಮೇಲೆ ಹರವಿ ಕ್ಲಿಪ್ಪು ಸಿಕ್ಕಿಸಿದರೆ ನೆಟ್ಟು ತಯಾರು. ಅದು ಒಣಗುವವರೆಗೆ ಆಟ. ಒಣಗಿದಾಗ ಯಾರ ಪಾಯಿಂಟು ಜಾಸ್ತಿಯೋ ಅವರು ಗೆದ್ದ ಹಾಗೆ.

ಒಣಗಿತೋ ಇಲ್ಲವೋ ಎಂದು ಮುಟ್ಟಿ ಹೇಳುವ ಅಧಿಕಾರ ಮಾತ್ರ ಅಕ್ಕನದು. ತಾನು ಮುಂದಿದ್ದರೆ ಬೆಡ್‌ಶೀಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು “ಒಣಗಿದೆ, ಆಟ ಮುಗೀತು” ಎನ್ನುವಳು. ಹಿಂದಿದ್ದರೆ ಅದೇ ತುದಿ, ಅದೇ ಬೆರಳು, “ಇನ್ನೂ ಹಸಿ ಇದೆ” ಎನ್ನುವಳು. ನೆತ್ತಿ ಸುಡುವ ಬಿಸಿಲಿನಲ್ಲಿ ರಟ್ಟಿನಂತೆ ಸೆಟೆದು ನಿಂತ ಬೆಡ್‌ಶೀಟನ್ನು ಹಿಡಿದುಕೊಂಡು ಅವಳು “ಹಸಿ” ಎಂದದ್ದನ್ನು ಎದುರು ಮಹಡಿಯ ಅಜ್ಜಿ ಕಣ್ಣಾರೆ ಕಂಡಿದ್ದಾಳೆ. ಆದರೆ ಬಟ್ಟೆಯ ವಿಷಯದಲ್ಲಿ ಲಾಂಡ್ರಿಯವಳಿಗೆ ಎದುರು ಹೇಳುವವರು ಯಾರು? ಹೇಳಬಲ್ಲವನು ಒಬ್ಬನಿದ್ದ, ಪಕ್ಕದ ಅಂಗಡಿಯ ಟೈಲರ್. ಬಟ್ಟೆಯನ್ನು ಮಾರು ದೂರದಿಂದ ನೋಡಿಯೇ ಅದರ ಜಾತಕ ಹೇಳುವ ಮನುಷ್ಯ. ಅಕ್ಕನ ಎದುರು ಆಡುತ್ತಿದ್ದವನೂ ಅವನೇ, ಪ್ರತಿ ಸಲ ಸೋಲುತ್ತಿದ್ದವನೂ ಅವನೇ. ಆದರೂ ಚಕಾರ ಎತ್ತದೆ, ಬೆವರು ಒರೆಸಿಕೊಂಡು, ಮತ್ತೆ ಸರ್ವಿಸಿಗೆ ನಿಲ್ಲುತ್ತಿದ್ದ.

ಈ ಆಟ ಹಿತ್ತಲಿಗೆ ಬಂದದ್ದೂ ಬಟ್ಟೆಯ ಗಂಟಿನಲ್ಲೇ. ಗಂಡ ತೀರಿಕೊಂಡ ಮೇಲೆ ಅಕ್ಕ ಲಾಂಡ್ರಿಯನ್ನು ಒಬ್ಬಳೇ ನಡೆಸುತ್ತಿದ್ದಳು. ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು, ಅಂಗಡಿ ಮಾರು, ನಮ್ಮ ಜೊತೆ ಬಂದಿರು, ಹೆಂಗಸಿನ ಕೈಲಿ ಆಗೋ ಕೆಲಸವಾ ಎಂದು ಬುದ್ಧಿ ಹೇಳಿ ಹೋದರು. ಅವಳು ಎಲ್ಲರ ಬಟ್ಟೆಗೂ ಚೆನ್ನಾಗಿ ಇಸ್ತ್ರಿ ಹಾಕಿ ಕಳಿಸಿಕೊಟ್ಟಳು, ಮಾತಿಗೆ ಮಾತ್ರ ಕಿವಿ ಕೊಡಲಿಲ್ಲ. ಹೀಗಿರುವಾಗ ಒಮ್ಮೆ ಲಾಡ್ಜಿನ ಗಂಟು ಬಿಚ್ಚಿದರೆ ದಿಂಬಿನ ಕವರಿನೊಳಗೆ ಎರಡು ಬ್ಯಾಟು, ಒಂದು ಡಬ್ಬಿ ತುಂಬ ಪುಕ್ಕದ ಕಾಕು. ಯಾರೋ ಮರೆತು ಹೋದದ್ದು. ಕೇಳಿಕೊಂಡು ಯಾರಾದರೂ ಬಂದಾರು ಎಂದು ಇಸ್ತ್ರಿ ಮೇಜಿನ ಪಕ್ಕದ ಮೊಳೆಗೆ ನೇತುಹಾಕಿದಳು. ಯಾರೂ ಬರಲಿಲ್ಲ.

ಬಂದವನು ಟೈಲರ್. ಹೊಲಿದು ಮುಗಿಸಿದ ಕೋಟೊಂದಕ್ಕೆ ಇಸ್ತ್ರಿ ಹಾಕಿಸಲು ಬಂದವನು ಮೊಳೆಯ ಕಡೆ ನೋಡಿ ಕೇಳಿದ.

“ನೀವು ಶಟಲ್ ಆಡ್ತೀರಾ?”

ಅಕ್ಕ ಜೀವಮಾನದಲ್ಲಿ ಬ್ಯಾಟು ಹಿಡಿದವಳಲ್ಲ. ಆದರೆ ಆ ಪ್ರಶ್ನೆಯಲ್ಲಿದ್ದ ಅಚ್ಚರಿ ಅವಳಿಗೆ ಹಿಡಿಸಲಿಲ್ಲ.

“ಆಡದೆ ಏನು, ಚಂದಕ್ಕೆ ನೇತುಹಾಕಿದೀನಾ?”

“ನನಗೂ ಹೇಳಿಕೊಡ್ತೀರಾ? ರೂಲ್ಸ್ ಏನೂ ಗೊತ್ತಿಲ್ಲ.”

ಕಾಗೆ ಹಾರಿಸಿ ಆಗಿತ್ತು, ಇನ್ನು ಹಿಂದೆ ಕರೆಯುವಂತಿರಲಿಲ್ಲ. ಅಕ್ಕ ಬ್ಯಾಟು ತೆಗೆದುಕೊಂಡು ಹಿತ್ತಲಿಗೆ ನಡೆದಳು. ಅಲ್ಲಿ ಕಣ್ಣಿಗೆ ಏನೇನು ಬಿತ್ತೋ ಅದರಿಂದಲೇ ಒಂದೊಂದು ರೂಲು ಹೊಸೆದಳು.

ಅದರಲ್ಲಿ ಕೆಲವು ಸರಿಯಾಗಿಯೇ ಹುಟ್ಟಿಬಿಟ್ಟವು, ಅದು ಅವಳ ತಪ್ಪಲ್ಲ. ಸರ್ವಿಸು ಸೊಂಟದ ಕೆಳಗಿಂದಲೇ ಹೊಡೆಯಬೇಕು ಎಂದಳು. ಸರ್ವಿಸಿಗೆ ನಿಲ್ಲುವ ಜಾಗದ ಮೇಲೆ ಷರಟುಗಳ ತಂತಿ ಹಾದುಹೋಗಿತ್ತು, ಬ್ಯಾಟು ಮೇಲೆತ್ತಿದರೆ ಒಗೆದ ಷರಟುಗಳು ಮಣ್ಣು ಮುಕ್ಕುತ್ತಿದ್ದವು. ಬ್ಯಾಟಾಗಲಿ ಮೈಯಾಗಲಿ ನೆಟ್ಟಿಗೆ ತಾಗಿದರೆ ಪಾಯಿಂಟು ಹೋಯಿತು ಎಂದಳು, ಬೆವರಿನ ಕೈ ತಾಗಿದ ಬೆಡ್‌ಶೀಟನ್ನು ಮತ್ತೆ ಒಗೆಯುವವಳು ಅವಳೇ ತಾನೆ. ಇನ್ನು ಕೆಲವು ರೂಲುಗಳು ಸೊಟ್ಟಗೆ ಹುಟ್ಟಿದವು. ಸರ್ವಿಸು ನೆಟ್ಟಿಗೆ ಸವರಿಕೊಂಡು ಹೋದರೆ ಕಾಕಿನ ಪುಕ್ಕ ಒದ್ದೆಯಾಗುತ್ತದೆ, ಆದ್ದರಿಂದ ಒರೆಸಿ ಮತ್ತೆ ಹೊಡೆಯಬೇಕು. ಹಿತ್ತಲಿನ ಸುತ್ತ ಸಾಬೂನು ನೀರು ಹರಿಯುವ ಸಣ್ಣ ಕಾಲುವೆ ಇತ್ತು, ಅದರ ಅಂಚೇ ಗೆರೆ. ಅಂಚಿನ ಮೇಲೆ ಬಿದ್ದ ಕಾಕು ಉರುಳಿ ನೀರಿಗೆ ಹೋಗುತ್ತದೆ, ಆದ್ದರಿಂದ ಗೆರೆ ಮೇಲೆ ಬಿದ್ದರೆ ಔಟ್.

ಟೈಲರ್ ಎಲ್ಲದಕ್ಕೂ ತಲೆಯಾಡಿಸಿದ. ಈ ಕೊನೆಯದಕ್ಕೆ ಮಾತ್ರ ಕೊಕ್ಕೆ ತೆಗೆದ.

“ಅಲ್ಲಾರೀ, ನಮ್ಮ ಕೆಲಸದಲ್ಲಿ ಗೆರೆ ಬಟ್ಟೆಗೇ ಸೇರಿದ್ದು. ಕತ್ತರಿ ಹಾಕೋದು ಗೆರೆಯಿಂದ ಆಚೆಗೆ. ಗೆರೆ ಮೇಲೆ ಬಿದ್ದಿದ್ದು ಒಳಗೇ ಅಲ್ವಾ?”

“ಇದು ನಿಮ್ಮ ಕೋಟಲ್ಲ, ನನ್ನ ಹಿತ್ತಲು. ಗೆರೆ ಮೇಲೆ ಬಿದ್ರೆ ಔಟ್.”

ಅಂದಿನಿಂದ ಗೆರೆಯ ಮೇಲೆ ಕಾಕು ಬಿದ್ದಾಗಲೆಲ್ಲ ಟೈಲರ್ “ಒಳಗೆ” ಎನ್ನುವುದು, ಅಕ್ಕ “ಔಟ್” ಎನ್ನುವುದು, ಮಹಡಿಯ ಅಜ್ಜಿ “ಶುರುವಾಯ್ತಪ್ಪ ಇವರದು” ಎನ್ನುವುದು ನಡೆದೇ ಇತ್ತು. ಟೈಲರ್ ತನ್ನ ಪಟ್ಟು ಬಿಡಲಿಲ್ಲ. ಆದರೆ ಬಾಯಿ ಎಷ್ಟೇ ವಾದಿಸಲಿ, ಕೈ ಅಭ್ಯಾಸದ ಗುಲಾಮ. ಕಾಕು ಗೆರೆಯ ಕಡೆಗೆ ಬರುತ್ತಿದೆ ಎಂದು ಕಂಡರೆ ಅವನ ಬ್ಯಾಟು ತಾನಾಗಿಯೇ ಕೆಳಗಿಳಿಯುವುದನ್ನು ಕಲಿತುಬಿಟ್ಟಿತ್ತು.

ಬೀದಿಯಲ್ಲಿ ಅವಳಿಗಿಂತ ಚಿಕ್ಕವರು, ದೊಡ್ಡವರು, ಕೋಲೂರುವ ಮುದುಕರು ಸಹ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಟೈಲರ್ ಒಬ್ಬ ಕರೆಯುತ್ತಿರಲಿಲ್ಲ. “ಏನ್ರೀ” ಎನ್ನುತ್ತಿದ್ದ, “ಲಾಂಡ್ರಿಯವ್ರೇ” ಎನ್ನುತ್ತಿದ್ದ, ಅದೂ ಹೊಳೆಯದಿದ್ದರೆ ಸುಮ್ಮನೆ ಕೆಮ್ಮುತ್ತಿದ್ದ. ಅಕ್ಕ ಎಂಬ ಎರಡಕ್ಷರ ಮಾತ್ರ ಅವನ ಬಾಯಿಂದ ಬರಲಿಲ್ಲ. ಇದನ್ನು ಬೀದಿ ಗಮನಿಸುವುದಕ್ಕಿಂತ ಎಷ್ಟೋ ಮೊದಲೇ ಅವಳು ಗಮನಿಸಿದ್ದಳು. ತಮ್ಮಂದಿರನ್ನು ಓದಿಸಿ, ತಂಗಿಯರ ಮದುವೆ ಮಾಡಿ, ಊರಿನ ಮದುಮಗರಿಗೆಲ್ಲ ಕೋಟು ಹೊಲಿದು, ತನಗೆ ಮಾತ್ರ ಹೊಲಿದುಕೊಳ್ಳದೆ ಉಳಿದಿದ್ದ ಮನುಷ್ಯ ಅವನು.

ಒಂದು ದಿನ ಆಟ ಮುಗಿಸಿ, ಬ್ಯಾಟು ಮೊಳೆಗೆ ಸಿಕ್ಕಿಸುತ್ತ ಹೇಳಿಯೇಬಿಟ್ಟ.

“ನಿಮ್ಮನ್ನ ಒಂದು ಮಾತು ಕೇಳ್ಬೇಕು ಅಂತಿದೀನಿ.”

ಅಕ್ಕನ ಹಲ್ಲುಗಳ ನಡುವೆ ಎರಡು ಕ್ಲಿಪ್ಪುಗಳಿದ್ದವು. ಕ್ಲಿಪ್ಪು ತೆಗೆಯುವ ನೆಪದಲ್ಲಿ ಸ್ವಲ್ಪ ಹೊತ್ತು ಸಂಪಾದಿಸಿಕೊಂಡು, “ಮೊದಲು ನನ್ನನ್ನ ಗೆದ್ದು ತೋರ್ಸಿ ಟೈಲರೇ. ಗೆದ್ದ ದಿನ ಕೇಳಿ” ಎಂದಳು.

ಮಾತು ಮಹಡಿಗೆ ಕೇಳಿಸಿತು. ಮಹಡಿಯ ಅಜ್ಜಿಗೆ ಕೇಳಿಸಿದರೆ ಬೀದಿಗೆ ಕೇಳಿಸಿದ ಹಾಗೆ. ಟೈಲರ್ ಕೇಳಬೇಕೆಂದಿರುವುದು ಮದುವೆಯ ಮಾತು ಎಂದು ಊಹಿಸಲು ಯಾರಿಗೂ ಕಷ್ಟವಾಗಲಿಲ್ಲ. ಅವನು ಗೆಲ್ಲಬೇಕು, ಗೆದ್ದರೆ ಕೇಳುತ್ತಾನೆ, ಕೇಳಿದರೆ ಅವಳು ಉತ್ತರ ಹೇಳಬೇಕು.

ಉತ್ತರ ಅವಳ ಬಳಿ ಇರಲಿಲ್ಲ. ಇಲ್ಲ ಎಂದರೆ ಟೈಲರ್ ನಾಳೆಯಿಂದ ಆಡಲು ಬರುವುದಿಲ್ಲ, ಅದನ್ನು ನೆನೆದರೇ ಹಿತ್ತಲು ಬಿಕೋ ಎನ್ನುತ್ತಿತ್ತು. ಹೂಂ ಎಂದರೆ ಒಬ್ಬಂಟಿಯಾಗಿ ಕಟ್ಟಿ ನಿಲ್ಲಿಸಿದ ಲಾಂಡ್ರಿಯಲ್ಲಿ, ಯಾವ ತಂತಿಗೆ ಯಾವ ಬಟ್ಟೆ ಎಂದು ಹೇಳಲು ಇನ್ನೊಂದು ಬಾಯಿ ಬರುತ್ತದೆ. ಬುದ್ಧಿ ಹೇಳಲು ಬಂದ ನೆಂಟರನ್ನೆಲ್ಲ ಸಾಗಹಾಕಿದ್ದು ಇದಕ್ಕಾ? ಆದ್ದರಿಂದ ಬೆಡ್‌ಶೀಟು ಹಸಿಯಾಗಿಯೇ ಇರುತ್ತಿತ್ತು. “ನಾನು ಕಣ್ಣು ಮುಚ್ಚೋದ್ರೊಳಗೆ ಒಂದು ಸಲ ಗೆಲ್ಲಪ್ಪಾ” ಎಂದು ಅಜ್ಜಿ ಮಹಡಿಯಿಂದ ಕೂಗುತ್ತಿದ್ದಳು. ಟೈಲರ್ ಮೇಲೆ ನೋಡಿ ಕೈ ಮುಗಿಯುತ್ತಿದ್ದ.

ಹೀಗೆಯೇ ಸಾಗುತ್ತಿತ್ತೋ ಏನೋ, ಅಷ್ಟರಲ್ಲಿ ಅಕ್ಕನ ತಂಗಿಯ ಮಗಳಿಗೆ ಹತ್ತಿರದ ಶಾಲೆಯಲ್ಲಿ ಆಟದ ಟೀಚರ್ ಕೆಲಸ ಸಿಕ್ಕಿತು. ದೊಡ್ಡಮ್ಮನ ಮನೆಯಲ್ಲೇ ಇರುತ್ತೇನೆ ಎಂದು ಹುಡುಗಿ ಪೆಟ್ಟಿಗೆ ಹೊತ್ತು ಬಂದಳು. ಬಂದ ಸಂಜೆಯೇ ಹಿತ್ತಲಿನ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಆಟ ನೋಡಲು ಕೂತವಳು, ಸ್ವಲ್ಪ ಹೊತ್ತಿಗೆ ಲೋಟ ಕೆಳಗಿಟ್ಟಳು, ಇನ್ನೂ ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡಳು. ಅಕ್ಕ ಬೆಡ್‌ಶೀಟು ಮುಟ್ಟಿ “ಹಸಿ” ಎಂದಾಗ ನಗು ತಡೆಯಲಾರದೆ ಮೆಟ್ಟಿಲಿನಿಂದ ಜಾರಿದಳು.

“ದೊಡ್ಡಮ್ಮಾ, ಇದು ಯಾವ ಲೋಕದ ಬ್ಯಾಡ್ಮಿಂಟನ್ನು?”

“ಯಾಕೆ, ಏನಾಗಿದೆ ಇದಕ್ಕೆ?”

“ಇಪ್ಪತ್ತೊಂದು ಪಾಯಿಂಟಿಗೆ ಒಂದು ಗೇಮು. ಮೂರರಲ್ಲಿ ಎರಡು ಗೆದ್ದವರು ಗೆದ್ದ ಹಾಗೆ. ಇದರಲ್ಲಿ ಬೆಡ್‌ಶೀಟ್ ಒಣಗೋ ಮಾತು ಎಲ್ಲಿಂದ ಬಂತು?”

ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. ಸರ್ವಿಸು ಎದುರಿನವರ ಅಡ್ಡ ಮೂಲೆಯ ಅಂಕಣಕ್ಕೆ ಬೀಳಬೇಕಂತೆ. ಸರ್ವಿಸು ಮಾಡುವವರ ಪಾಯಿಂಟು ಸಮಸಂಖ್ಯೆಯಾದರೆ ಬಲಗಡೆ ನಿಂತು, ಬೆಸವಾದರೆ ಎಡಗಡೆ ನಿಂತು ಹೊಡೆಯಬೇಕಂತೆ. ಕಾಲು ನೆಲಕ್ಕೆ ಊರಿರಬೇಕಂತೆ, ಅಕ್ಕನ ಹಾಗೆ ಓಡಿ ಬಂದು ಬೀಸುವಂತಿಲ್ಲವಂತೆ. ಸರ್ವಿಸು ನೆಟ್ಟು ಸವರಿ ಆಚೆ ಸರಿಯಾದ ಜಾಗಕ್ಕೆ ಬಿದ್ದರೆ ಅದು ಒಳ್ಳೆಯ ಸರ್ವಿಸೇ ಅಂತೆ, ಒರೆಸುವುದೂ ಇಲ್ಲ, ಮತ್ತೆ ಹೊಡೆಯುವುದೂ ಇಲ್ಲ.

ಟೈಲರ್ ನೆಟ್ಟಿನ ಕೆಳಗಿಂದ ಬಗ್ಗಿ ಈಚೆ ಬಂದ.

“ಅಮ್ಮಾ ತಾಯಿ, ಗೆರೆ ಮೇಲೆ ಬಿದ್ರೆ?”

“ಒಳಗೆ, ಅಂಕಲ್. ಗೆರೆ ಕೋರ್ಟಿಗೇ ಸೇರಿದ್ದು.”

ಟೈಲರ್ ಅಕ್ಕನ ಕಡೆ ನೋಡಿದ. ಇಷ್ಟು ವರ್ಷ ಕಟ್ಟಿಹಾಕಿದ್ದ ಮಾತೆಲ್ಲ ಆ ಒಂದು ನೋಟದಲ್ಲಿತ್ತು. ಅಕ್ಕ ಮುಖ ತಿರುಗಿಸಿ ಷರಟಿನ ಗುಂಡಿ ಎಣಿಸತೊಡಗಿದಳು.

“ಒಂದೇ ಒಂದು ಆಟ, ಸರಿಯಾದ ರೂಲ್ಸಲ್ಲಿ ಆಡೋಣ ಲಾಂಡ್ರಿಯವ್ರೇ” ಎಂದ ಟೈಲರ್.

ಅಕ್ಕ ಆಗುವುದಿಲ್ಲ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಮಹಡಿಯಿಂದ ಅಜ್ಜಿ, “ಯಾಕಮ್ಮಾ, ಭಯನಾ?” ಎಂದಳು. ಅಜ್ಜಿಗೆ ಮಂಡಿ ಹಿಡಿದಿತ್ತು, ಕಣ್ಣು ಮಂಜಾಗಿತ್ತು, ಆದರೆ ಎಲ್ಲಿ ಚಿವುಟಿದರೆ ಉರಿಯುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು.

“ಭಯ ನನ್ನ ಚಪ್ಪಲಿಗೆ. ಭಾನುವಾರ ಬನ್ನಿ” ಎಂದಳು ಅಕ್ಕ.

ಆ ವಾರವಿಡೀ ಅಕ್ಕನಿಗೆ ಪಕ್ಕದ ಅಂಗಡಿಯಿಂದ ಹೊಲಿಗೆ ಮೆಷಿನ್ನಿನ ಸದ್ದಿಗಿಂತ ಗೋಡೆಗೆ ಕಾಕು ಬಡಿಯುವ ಸದ್ದೇ ಹೆಚ್ಚು ಕೇಳಿಸಿತು. ಅವನ ಅಂಗಡಿಗೂ ಅವಳ ಹಿತ್ತಲಿಗೂ ನಡುವೆ ಇದ್ದುದು ಅದೊಂದೇ ಗೋಡೆ. ಆದರೂ ಆಡಲು ಬರಬೇಕಾದರೆ ಟೈಲರ್ ಅಂಗಡಿಯ ಮುಂದಿನಿಂದ ಇಳಿದು, ಬೀದಿ ಸುತ್ತಿ, ಲಾಂಡ್ರಿಯ ಒಳಗಿಂದ ಹಾದು ಬರಬೇಕಿತ್ತು. ಅಕ್ಕ ಇಸ್ತ್ರಿ ಪೆಟ್ಟಿಗೆ ಒತ್ತುತ್ತ ಆ ಟಪ್ ಟಪ್ ಕೇಳಿಸಿಕೊಂಡಳು. ಲಾಡ್ಜಿನ ದಿಂಬಿನ ಕವರೊಂದು ಸುಟ್ಟು ಕಂದಾಗುವವರೆಗೂ ಕೇಳಿಸಿಕೊಂಡಳು.

ಶನಿವಾರ ಹುಡುಗಿ ಟೈಲರನ ಅಳತೆ ಟೇಪು, ಬಟ್ಟೆಗೆ ಗುರುತು ಹಾಕುವ ಅವನ ಸೀಮೆಸುಣ್ಣ ಎರಡನ್ನೂ ತಂದು ಕಾಲುವೆಯ ಒಳಗಡೆಗೆ ಹೊಸ ಗೆರೆಗಳನ್ನು ಎಳೆದಳು. ಇಬ್ಬರೇ ಆಡುವುದಾದರೆ ಅಂಗಳ ಉದ್ದಕ್ಕೆ, ಸಪೂರವಾಗಿ ಇರಬೇಕು ಎಂದಳು. ಷರಟಿನ ತಂತಿಗಳನ್ನೆಲ್ಲ ಬಿಚ್ಚಿಸಿದಳು. ಶಾಲೆಯಿಂದ ನಿಜವಾದ ನೆಟ್ಟು ತಂದು ಕಟ್ಟಿದಳು. ಬೆಡ್‌ಶೀಟು ಜೀವನದಲ್ಲಿ ಮೊದಲ ಸಲ ಬರೀ ಬೆಡ್‌ಶೀಟಾಗಿ ಮೂಲೆಯ ಹಗ್ಗದ ಮೇಲೆ ಒಣಗಿತು.

ಭಾನುವಾರ ಟೈಲರ್ ಹೊಸ ಕ್ಯಾನ್ವಾಸ್ ಷೂ ಹಾಕಿಕೊಂಡು ಬಂದ. ಅಕ್ಕ ಸೆರಗನ್ನು ಸೊಂಟಕ್ಕೆ ಬಿಗಿದು ನಿಂತಳು. ಹುಡುಗಿ ಸ್ಟೂಲಿನ ಮೇಲೆ ಕೂತು “ಸೊನ್ನೆ ಸೊನ್ನೆ, ಶುರು ಮಾಡಿ” ಎಂದಳು.

ಅಕ್ಕ ಸರ್ವಿಸು ಹೊಡೆಯಲು ತಲೆ ಎತ್ತಿದವಳು ಹಾಗೇ ನಿಂತಳು. ನೆಟ್ಟಿನ ಕಣ್ಣುಗಳ ಆಚೆ ಟೈಲರ್ ಅಡಿಯಿಂದ ಮುಡಿಯವರೆಗೆ ಕಾಣುತ್ತಿದ್ದ. ಇದುವರೆಗೆ ಹೀಗೆ ಆಗಿರಲಿಲ್ಲ. ಟೈಲರ್ ಕುಳ್ಳ, ಬೆಡ್‌ಶೀಟು ಎತ್ತರ. ಇಷ್ಟು ವರ್ಷ ಅವಳು ಆಡಿದ್ದು ಒಂದು ಹಣೆಯ ಜೊತೆ, ಸ್ವಲ್ಪ ಕೂದಲಿನ ಜೊತೆ. ಅವಳು ಚೆನ್ನಾಗಿ ಹೊಡೆದಾಗಲೆಲ್ಲ ಆ ಹಣೆ ಸುಕ್ಕುಗಟ್ಟುತ್ತಿತ್ತು. ಪಾಪ, ಸೋತು ಸೋತು ಸಿಟ್ಟು ಬರುತ್ತದೆ ಎಂದುಕೊಂಡಿದ್ದಳು. ಸಿಟ್ಟು ಬರಲಿ ಎಂದೇ ಇನ್ನೂ ಜೋರಾಗಿ ಹೊಡೆಯುತ್ತಿದ್ದಳು.

ಮೊದಲ ಪಾಯಿಂಟಿಗೇ ಅವಳು ಅವನ ಎಡಗಡೆಯ ಮೂಲೆಗೆ ಸೊಗಸಾದ ಹೊಡೆತವೊಂದನ್ನು ಇಳಿಸಿದಳು. ಟೈಲರ್ ಮುಟ್ಟಲಾಗಲಿಲ್ಲ. ಅವನ ಹಣೆ ಸುಕ್ಕಾಯಿತು. ಹಣೆಯ ಕೆಳಗೆ, ಇದುವರೆಗೆ ಬೆಡ್‌ಶೀಟಿನ ಹಿಂದೆ ಇದ್ದ ಮುಖದಲ್ಲಿ, ಕಿವಿಯಿಂದ ಕಿವಿಯವರೆಗೆ ನಗು. ಹಣೆ ಸುಕ್ಕಾಗುತ್ತಿದ್ದುದು ಆ ನಗುವಿನಿಂದ. ಅವಳು ಅವನನ್ನು ಸೋಲಿಸಿದಾಗಲೆಲ್ಲ ಅವನು ಹೀಗೆ ನಗುತ್ತಿದ್ದನೇ? ಪ್ರತಿ ಸಲವೂ?

ಅಕ್ಕನ ಕಣ್ಣು ಕಾಕು ಬಿಟ್ಟು ಆ ಮುಖದ ಕಡೆಗೇ ಹೋಯಿತು. ಆದರೂ ಮೊದಲ ಗೇಮನ್ನು ಗೆದ್ದಳು, ಕೈಗೆ ಬೇರೆ ಅಭ್ಯಾಸವಿರಲಿಲ್ಲ. ಎರಡನೆಯದನ್ನು ತನ್ನ ರೂಲಿನಿಂದಲೇ ಕಳೆದುಕೊಂಡಳು. ಟೈಲರನ ಸರ್ವಿಸು ನೆಟ್ಟು ಸವರಿ ಈಚೆ ಬಿದ್ದಾಗಲೆಲ್ಲ ಅವಳು ಆರಾಮಾಗಿ ನಿಂತು “ಒರೆಸಿ ಮತ್ತೆ ಹೊಡೀರಿ” ಎನ್ನುವಳು, ಹುಡುಗಿ ಟೈಲರನಿಗೆ ಪಾಯಿಂಟು ಕೊಡುವಳು. ಮಹಡಿಯ ಅಜ್ಜಿ ಕುರ್ಚಿಯನ್ನು ಕಂಬಿಯ ಹತ್ತಿರಕ್ಕೆ ಎಳೆದುಕೊಂಡಳು.

ಮೂರನೆಯ ಗೇಮಿನಲ್ಲಿ ಒಬ್ಬರು ಹನ್ನೊಂದು ಮುಟ್ಟಿದಾಗ ಕಡೆ ಬದಲಾಯಿಸಬೇಕಂತೆ. ಹಾಗೆ ಬದಲಾಯಿಸುವಾಗ ಇಬ್ಬರೂ ನೆಟ್ಟಿನ ಕಂಬದ ಬಳಿ ಎದುರುಬದುರಾದರು. ಮೂಲೆಯಲ್ಲಿ ಬೆಡ್‌ಶೀಟು ಗಾಳಿಗೆ ಪಟಪಟ ಎನ್ನುತ್ತಿತ್ತು. ಅಕ್ಕ ತಡೆಯಲಾರದೆ ಕೇಳಿದಳು.

“ಅದು ಒಣಗಿರೋದು ನಿಮಗೆ ಗೊತ್ತಾಗ್ತಿತ್ತಾ ಟೈಲರೇ? ನಾನು ಹಸಿ ಅಂದಾಗೆಲ್ಲ?”

“ಬಟ್ಟೆ ಕೆಲಸ ಮಾಡೋನು ನಾನು. ಗೊತ್ತಾಗದೆ ಇರುತ್ತಾ?”

“ಮತ್ತೆ ಯಾಕೆ ಒಂದು ದಿನಾನೂ ಹೇಳ್ಲಿಲ್ಲ?”

ಟೈಲರ್ ಷೂವಿನ ದಾರ ನೋಡಿಕೊಂಡ. “ಹಸಿ ಇದ್ದಷ್ಟು ಹೊತ್ತು ಇನ್ನೂ ಆಡಬಹುದಲ್ರೀ” ಎಂದು ತನ್ನ ಕಡೆಗೆ ನಡೆದ.

ಅಕ್ಕ ಅವನ ಬೆನ್ನು ನೋಡುತ್ತ ತನ್ನ ಕಡೆಗೆ ನಡೆದಳು. ತಾನು ಅವನ ಕಣ್ಣಿಗೆ ಮಣ್ಣೆರಚುತ್ತಿದ್ದೇನೆ ಎಂದು ಬೀಗುತ್ತಿದ್ದಾಗ, ಅವನು ಕಣ್ಣು ಬಿಟ್ಟುಕೊಂಡೇ ಮಣ್ಣಿಗೆ ಮುಖ ಒಡ್ಡಿ ನಿಂತಿದ್ದ. ಇನ್ನೊಂದು ಬಾಯಿ ಬಂದೀತು ಎಂದು ಹೆದರಿದ್ದಳಲ್ಲ, ಆ ಬಾಯಿ ಇಷ್ಟು ವರ್ಷ ಅವಳ ಹಿತ್ತಲಿನಲ್ಲೇ ಇತ್ತು, ಅವಳು ಹಸಿ ಎಂದರೆ ಹಸಿ ಎಂದುಕೊಂಡು ಸುಮ್ಮನಿತ್ತು. ಅವನು ಗೆಲ್ಲಲಿ, ಕೇಳಲಿ, ಉತ್ತರ ಇದೆ ಎಂದು ಅವಳಿಗೆ ಖಚಿತವಾಯಿತು.

ಆದರೆ ಸೋಲುವುದು ಹೇಗೆ? ಅದು ಅವಳಿಗೆ ಗೊತ್ತಿಲ್ಲದ ವಿದ್ಯೆ. ಕಾಕು ಬಂದರೆ ಕೈ ತಾನಾಗಿ ಎದ್ದು ಹೊಡೆಯುತ್ತಿತ್ತು. ಸುಮ್ಮನಿರು ಎಂದರೆ ಕೈಗೆ ಕಿವಿಯಿಲ್ಲ. ಬೇಕೆಂದೇ ನೆಟ್ಟಿಗೆ ಹೊಡೆದರೆ ಟೈಲರನಿಗೆ ತಿಳಿಯದೆ ಹೋಗುವುದಿಲ್ಲ, ಭಿಕ್ಷೆಯಂತೆ ಸಿಕ್ಕಿದ ಗೆಲುವನ್ನು ಅವನು ಮುಟ್ಟುವವನಲ್ಲ. ಅವನೂ ಆ ದಿನ ದೆವ್ವ ಹೊಕ್ಕವನಂತೆ ಆಡುತ್ತಿದ್ದ. ಇಪ್ಪತ್ತು ಇಪ್ಪತ್ತು ಆಯಿತು. ಇನ್ನು ಎರಡು ಪಾಯಿಂಟು ಮುಂದೆ ಹೋದವರು ಗೆದ್ದಂತೆ ಎಂದಳು ಹುಡುಗಿ. ಯಾರೂ ಎರಡು ಮುಂದೆ ಹೋಗಲಿಲ್ಲ. ಒಬ್ಬರು ಒಂದು ಹೆಜ್ಜೆ ಇಟ್ಟರೆ ಇನ್ನೊಬ್ಬರು ಬಂದು ಹೆಗಲಿಗೆ ಹೆಗಲು ಕೊಡುತ್ತ ಇಪ್ಪತ್ತೊಂಬತ್ತು ಇಪ್ಪತ್ತೊಂಬತ್ತಕ್ಕೆ ಬಂದು ನಿಂತರು. ಇಬ್ಬರ ಉಸಿರೂ ಬೀದಿಗೆ ಕೇಳುತ್ತಿತ್ತು.

“ಇದೇ ಕೊನೇದು. ಈ ಪಾಯಿಂಟು ಯಾರದೋ ಮ್ಯಾಚು ಅವರದು” ಎಂದಳು ಹುಡುಗಿ.

ಸರ್ವಿಸು ಟೈಲರನದು. ಬೆಸ ಸಂಖ್ಯೆ, ಎಡಗಡೆಯಿಂದ ಹೊಡೆದ. ಅಕ್ಕ ಎತ್ತಿದಳು, ಅವನು ಎತ್ತಿದ, ಅವಳು ನೆಟ್ಟಿನ ಬುಡಕ್ಕೆ ಮೆಲ್ಲಗೆ ಇಳಿಸಿದಳು, ಅವನು ಓಡಿ ಬಂದು ಹೇಗೋ ಮೇಲಕ್ಕೆ ತಳ್ಳಿದ. ಕಾಕು ಅಕ್ಕನ ನೆತ್ತಿಯ ಮೇಲೆ ನಿಧಾನಕ್ಕೆ ಇಳಿಯತೊಡಗಿತು. ಟೈಲರ್ ಮುಂದೆ ಬಂದುಬಿಟ್ಟಿದ್ದ, ಅವನ ಹಿಂದೆ ಅಂಗಳವೆಲ್ಲ ಖಾಲಿ. ಎಲ್ಲಿ ಹೊಡೆದರೂ ಗೆಲುವು ಅವಳದೇ.

ಆಗ ಅವಳಿಗೆ ಹೊಳೆಯಿತು. ಹಿಂದಿನ ಗೆರೆ! ಗೆರೆಯ ಮೇಲೆ ಸರಿಯಾಗಿ ಬೀಳಿಸಿದರೆ ಔಟ್. ಕೂದಲೆಳೆಯಲ್ಲಿ ತಪ್ಪಿತು ಎಂದು ನೋಡಿದವರು ಲೊಚಗುಟ್ಟುತ್ತಾರೆ, ಬೇಕೆಂದೇ ಹೊಡೆದದ್ದು ಎಂದು ಯಾರಿಗೂ ತಿಳಿಯುವುದಿಲ್ಲ. ಇಷ್ಟು ವರ್ಷ ಹೊಡೆದ ಕೈ ಅದು, ಕಾಕನ್ನು ಎಲ್ಲಿ ಬೇಕಾದರೂ ಇಳಿಸಬಲ್ಲದು. ಮನಸ್ಸಿಟ್ಟು ಹೊಡೆದಳು.

ಕಾಕು ಟೈಲರನ ತಲೆಯ ಮೇಲೆ ಹಾರಿತು. ಅವನು ತಿರುಗಿ ಓಡಿದ, ಗೋಡೆಯ ಹತ್ತಿರ ಅದರ ಕೆಳಗೆ ಬಂದು ಮುಟ್ಟಿಯೇಬಿಟ್ಟ, ಬ್ಯಾಟು ಎತ್ತಿದ. ಎತ್ತಿದವನು ಗೆರೆ ನೋಡಿದ. ಬ್ಯಾಟು ತಾನಾಗಿ ಕೆಳಗಿಳಿಯಿತು. ಕಾಕು ಗೆರೆಯ ಮೇಲೆ ತಲೆಕೆಳಗಾಗಿ ಬಿದ್ದು ಸೀಮೆಸುಣ್ಣದ ಸಣ್ಣ ಪುಡಿ ಎಬ್ಬಿಸಿತು.

“ಔಟ್!” ಎಂದು ಟೈಲರ್ ಎರಡೂ ಕೈ ಮೇಲೆತ್ತಿ ಕುಣಿದ.

“ಔಟ್!” ಎಂದು ಅಕ್ಕನೂ ಅಷ್ಟೇ ಸಂತೋಷದಿಂದ ಕಿರುಚಿದಳು.

“ಒಳಗೆ” ಎಂದಳು ಹುಡುಗಿ. “ಗೆರೆ ಮೇಲೆ ಬಿದ್ದಿದೆ. ಮ್ಯಾಚು ದೊಡ್ಡಮ್ಮನದು.”

ಟೈಲರನ ಕೈಗಳು ಗಾಳಿಯಲ್ಲೇ ನಿಂತವು. ಅಕ್ಕನ ಬಾಯಿ ತೆರೆದಂತೆಯೇ ಉಳಿಯಿತು. ಮಹಡಿಯ ಅಜ್ಜಿ, “ಅಯ್ಯೋ, ಹಾಳಾಗ್ಹೋಗ್ಲಿ ಈ ರೂಲು!” ಎಂದಳು.

ಅಕ್ಕ ನೆಟ್ಟಿನ ಹತ್ತಿರಕ್ಕೆ ದಾಪುಗಾಲು ಹಾಕಿದಳು. “ಯಾರ ಹಿತ್ತಲು ಇದು? ನನ್ನ ಹಿತ್ತಲಲ್ಲಿ ಗೆರೆ ಮೇಲೆ ಬಿದ್ರೆ ಔಟ್. ನಾನು ಸೋತೆ. ಟೈಲರ್ ಗೆದ್ರು.”

“ದೊಡ್ಡಮ್ಮಾ, ಇವತ್ತು ಸರಿಯಾದ ರೂಲ್ಸು ಅಂತ ನೀನೇ ಒಪ್ಪಿದೀಯ.”

“ನೀನು ಸುಮ್ನಿರೇ. ಟೈಲರೇ, ಹೇಳಿ, ನೀವು ಗೆದ್ರಿ ತಾನೆ?”

ಟೈಲರ್ ಗೆರೆಯ ಬಳಿ ಕುಕ್ಕುರುಗಾಲಲ್ಲಿ ಕೂತು ಕಾಕು ಬಿದ್ದ ಗುರುತನ್ನು ನೋಡುತ್ತಿದ್ದ. ತನ್ನದೇ ಸೀಮೆಸುಣ್ಣ. ಎದ್ದಾಗ ಅವನ ಮುಖ ನೋಡುವಂತಿರಲಿಲ್ಲ.

“ಇಲ್ರೀ. ಗೆರೆ ಬಟ್ಟೆಗೇ ಸೇರಿದ್ದು ಅಂತ ಮೊದಲ ದಿನದಿಂದ ಬಡ್ಕೊಂಡೋನು ನಾನು. ಈಗ ನನಗೆ ಬೇಕಾಯ್ತು ಅಂತ ಔಟ್ ಅನ್ನೋಕಾಗುತ್ತಾ? ನೀವೇ ಗೆದ್ರಿ.”

“ಅಯ್ಯೋ ನಿಮ್ಮ! ನಾನೇ ಸೋತೆ ಅಂತಿದೀನಲ್ರೀ!”

“ಸೋತಿಲ್ಲ ನೀವು.”

“ಸೋತಿದೀನಿ!”

“ಇಲ್ಲಾಂದ್ರೆ ಇಲ್ಲ. ಒಳಗೆ ಬಿದ್ದಿದೆ.”

ಬೀದಿಯಲ್ಲಿ ಹೋಗುತ್ತಿದ್ದವರು ಲಾಂಡ್ರಿಯ ಬಾಗಿಲಲ್ಲಿ ನಿಂತು ಇಣುಕಿದರು. ಸೋಲಿಗಾಗಿ ಇಬ್ಬರು ಇಷ್ಟು ಕಚ್ಚಾಡಿದ್ದನ್ನು ಅವರು ಕಂಡಿರಲಿಲ್ಲ. ಹುಡುಗಿ ಸ್ಟೂಲಿನ ಮೇಲೆ ತಲೆಗೆ ಕೈ ಹೊತ್ತು ಕೂತಳು. ಟೈಲರ್ ಬ್ಯಾಟನ್ನು ಮೊಳೆಗೆ ಸಿಕ್ಕಿಸಲು ಒಳಗೆ ಹೊರಟ. ಅವನ ಹೊಸ ಷೂ ಕಿರ್ ಕಿರ್ ಎನ್ನುತ್ತಿತ್ತು. ಆ ಸದ್ದು ಬಾಗಿಲ ಕಡೆಗೆ ಹೋಗುತ್ತಿರುವುದನ್ನು ಅಕ್ಕನಿಗೆ ಸಹಿಸಲಾಗಲಿಲ್ಲ.

“ನಿಲ್ಲಿ! ಹೊಸ ರೂಲು. ಸೋತವರು ಕೇಳ್ಬೇಕು.”

ಟೈಲರ್ ತಿರುಗಿದ. “ಇದು ಪುಸ್ತಕದಲ್ಲಿದೆಯಾ?” ಎಂದು ಹುಡುಗಿಯ ಕಡೆ ನೋಡಿದ. ಹುಡುಗಿ, ಅದುವರೆಗೆ ಒಂದು ಸುಳ್ಳನ್ನೂ ಹೇಳದವಳು, ಮುಖ ಗಂಭೀರ ಮಾಡಿಕೊಂಡು, “ಇದೆ ಅಂಕಲ್, ಮೊನ್ನೆ ತಾನೇ ಸೇರ್ಸಿದಾರೆ” ಎಂದಳು.

ಟೈಲರ್ ಬ್ಯಾಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಎರಡು ಸಲ ಕೆಮ್ಮಿದ. ವರ್ಷಗಟ್ಟಲೆ ಹೊಲಿದು ಬಿಚ್ಚಿ, ಬಿಚ್ಚಿ ಹೊಲಿದಿದ್ದ ಮಾತು ಕೊನೆಗೆ ಹೀಗೆ ಬಂತು.

“ಈ ಗೋಡೆಗೆ ಒಂದು ಬಾಗಿಲು ಇಡಿಸೋಣವಾ?”

ಎಲ್ಲರೂ ಗೋಡೆ ನೋಡಿದರು. ಅವನ ಅಂಗಡಿಗೂ ಅವಳ ಹಿತ್ತಲಿಗೂ ನಡುವಿನ ಗೋಡೆ. ಅಕ್ಕ ಅದರ ಹತ್ತಿರ ಹೋಗಿ, ಕೊಳೆ ಬಟ್ಟೆಯನ್ನು ನೋಡುವಂತೆ ಮೇಲಿಂದ ಕೆಳಗಿನವರೆಗೆ ನೋಡಿದಳು.

“ಬಾಗಿಲು ನಿಮ್ಮ ಕಡೆಗೇ ತೆರ್ಕೋಬೇಕು. ಈ ಕಡೆ ತೆರೆದ್ರೆ ಆಟಕ್ಕೆ ಅಡ್ಡ ಬರುತ್ತೆ.”

“ದೊಡ್ಡಮ್ಮಾ, ಅವ್ರು ಕೇಳ್ತಿರೋದು ಬಾಗಿಲಿನ ವಿಷಯ ಅಲ್ಲ” ಎಂದಳು ಹುಡುಗಿ.

“ನನಗೆ ಗೊತ್ತು ಕಣೇ! ನಾನು ಹೇಳ್ತಿರೋದೂ ಅದನ್ನೇ.”

ಮಹಡಿಯಿಂದ ಏನೋ ಬಿದ್ದ ಸದ್ದಾಯಿತು, ಅಜ್ಜಿಯ ಊರುಗೋಲು. ಚಪ್ಪಾಳೆ ತಟ್ಟಲು ಅಜ್ಜಿಗೆ ಎರಡೂ ಕೈ ಬೇಕಾಗಿದ್ದವು. ಟೈಲರನ ಹಣೆ ಸುಕ್ಕುಗಟ್ಟಿತು, ಹಣೆಯ ಕೆಳಗೆ ಏನಾಗುತ್ತಿದೆ ಎಂದು ಈಗ ಅಕ್ಕನಿಗೆ ಕಾಣುತ್ತಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮೂಲೆಯ ಹಗ್ಗದ ಹತ್ತಿರ ಹೋದಳು. ಬೆಳಗಿನಿಂದ ಬಿಸಿಲಿನಲ್ಲಿದ್ದ ಬೆಡ್‌ಶೀಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

“ಇನ್ನೂ ಹಸಿ ಇದೆ. ಬನ್ನಿ, ಇನ್ನೊಂದು ಆಟ ಆಡೋಣ” ಎಂದಳು.

“ಹೌದು, ಇನ್ನೂ ಹಸಿ ಇದೆ” ಎಂದು ಟೈಲರ್ ಬ್ಯಾಟು ಹಿಡಿದು ಹಿತ್ತಲಿಗೆ ಇಳಿದ.